ಅಳಿಸಲಾಗದ ಗಂಡ

ಅನ್ನಪೂರ್ಣಾ ಕಳೆದ ಶ್ರಾವಣದಲ್ಲಿ ಧಾರವಾಡದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಯಸ್ಸು ಮೂವತ್ತನಾಲ್ಕು. ದೊಡವಾಡದ ತವರಿನ ಹೊಲದಲ್ಲಿ ಮಣ್ಣು ಮಾಡಿದರು. ಗಂಡನ ಮನೆಯವರು ಬರಲಿಲ್ಲ. ಬಂದಿದ್ದರೂ ಅವರ ಕೈಯ ಒಂದು ಹಿಡಿ ಮಣ್ಣು ಅವಳ ಮೇಲೆ ಬೀಳಲು ನಾವ್ಯಾರೂ ಬಿಡುತ್ತಿರಲಿಲ್ಲ.

ಗಂಡ ಉಳವಪ್ಪ ರಾಮದುರ್ಗದವನು. ಬೈಲಹೊಂಗಲದ ಒಂದು ವಧು-ವರರ ಮಾಹಿತಿ ಕೇಂದ್ರದಲ್ಲಿ ಹೆಸರು ಬರೆಸಿ ಕುದುರಿದ ಮದುವೆ ಅದು. ಕೆಲವು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಪಂಚಮಿಗೆಂದು ಅವಳನ್ನು ತವರಿಗೆ ಕಳಿಸುವಾಗ ಅತ್ತೆ ರಾಚವ್ವ, "ಹಬ್ಬಾ ಮುಗಸಿ ಅಲ್ಲೇ ಇರವಾ, ಕರಿಯಾಕ ಬರತೇವಿ" ಎಂದಿದ್ದಳು. ಯಾರೂ ಬರಲಿಲ್ಲ. ತಾನೇ ಹೋದರೆ ಬಾಗಿಲು ತೆರೆಯಲಿಲ್ಲ. ಸೋಡಚೀಟಿ ಕೊಟ್ಟು ಮದುವೆ ಬಿಡಿಸಿಕೊಳ್ಳುವ ಮಾತೂ ಇಲ್ಲ. ಬದಲಿಗೆ, ಸೊಸೆಗೆ ತಲೆ ನೆಟ್ಟಗಿಲ್ಲವಂತೆ ಎಂಬ ಸುದ್ದಿಯೊಂದು ರಾಮದುರ್ಗದಿಂದ ಹೊರಟು ಬಸ್ಸಿಗಿಂತ ಮೊದಲೇ ದೊಡವಾಡ ಮುಟ್ಟಿತು.

ಕೋರ್ಟಿಗೆ ಹೋಗೋಣ ಎಂದರು ತವರಿನವರು. ಅವಳು ಒಲ್ಲೆ ಎಂದಳು. ಬಿಸಿಎ ಓದಿದ್ದಳು. ನೇರ ಬೈಲಹೊಂಗಲಕ್ಕೆ ಹೋಗಿ, ತನ್ನ ಮದುವೆ ಕುದುರಿಸಿದ ಅದೇ ಕೇಂದ್ರದಲ್ಲಿ ಕೆಲಸ ಕೇಳಿದಳು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಯವರೇ ಇರಲಿ, ತಮ್ಮ ಸಮಾಜದ ಜನ ಹೆಣ್ಣು-ಗಂಡು ಹುಡುಕಲು ಕೊನೆಗೆ ಅಲ್ಲಿಗೇ ಬರಬೇಕು. ಉಳವಪ್ಪನೂ ಒಂದು ದಿನ ಬರುತ್ತಾನೆ. ಬರಲಿ ಎಂದು ಕುಳಿತಳು.

ಕೇಂದ್ರದ ಹಳೆಯ ಕಡತಗಳನ್ನೆಲ್ಲ ಅವಳು ಡೇಟಾಬೇಸಿಗೆ ಏರಿಸಿದಳು. ಹೆಣ್ಣು-ಗಂಡುಗಳಿಗೆ ಒಂದು ಕೋಷ್ಟಕ, ಆಗಿಹೋದ ಮದುವೆಗಳಿಗೆ ಇನ್ನೊಂದು. ಮದುವೆಯ ಪ್ರತಿ ಸಾಲೂ ಮೊದಲ ಕೋಷ್ಟಕದ ಇಬ್ಬರನ್ನು ಹಿಡಿದುಕೊಂಡಿರುತ್ತದೆ. ಒಬ್ಬನೇ ಎರಡು ಸಲ ಸೇರದಂತೆ ತಡೆಯಲು ಮೊಬೈಲ್ ನಂಬರನ್ನೇ ಗುರುತಾಗಿ ಇಡು ಎಂದ ಕೇಂದ್ರದ ಮಾಲೀಕ ಶಂಕರೆಪ್ಪ.

"ನಂಬರ ಬದಲಸ್ತಾರ್ರೀ ಕಾಕಾ. ಹೆಸರೂ ಬದಲಸ್ತಾರ. ಜನ್ಮತಾರೀಖು, ಸೋದರಮಾವನ ಹೆಸರು, ಎರಡೂ ಕೂಡಿಸಿ ಇಡತೇನಿ."

"ಸೋದರಮಾವ ಯಾಕವಾ?"

"ತಾರೀಖಿಗೆ ಮಾರ್ಕ್ಸ್ ಕಾರ್ಡ್ ನೋಡತೇವಿ. ಮಾವಂತೂ ಬಾಜೂಕ ಕುಂತಿರತಾನ. ಅವನ ಹೆಸರ ಬಿಟ್ಟ ಬ್ಯಾರೇದ ಹೇಳಲಿ ನೋಡೂಣು, ಅಲ್ಲೇ ಜಗಳಾ ಹತ್ತತೇತಿ."

ಪರದೆಯ ಮೇಲೆ ಯಾವ ಎರರ್ ಬಂದರೂ ಶಂಕರೆಪ್ಪನದು ಒಂದೇ ಮಾತು: "ಸರ್ವರ್ ಡೌನ್ ಆಗೇತ್ರಿ, ನಾಳಿ ಬರ್ರಿ." ಅದನ್ನು ಕೇಳಿದರೆ ಅನ್ನಪೂರ್ಣಾಳ ಮೈ ಉರಿಯುತ್ತಿತ್ತು.

"ಅದು ಕೆಟ್ಟಿಲ್ರೀ ಕಾಕಾ. ಯಾಕ ಒಲ್ಲೆ ಅಂತೇನಿ ಅಂತ ಹೇಳಾಕತ್ತೇತಿ. ಮೊದಲ ಅಂಕಿ ನೋಡ್ರಿ, ಆಮ್ಯಾಲ ಮಾತು ಓದ್ರಿ, ಯಾವ ಕೋಷ್ಟಕದ್ದು ಅನ್ನೂದೂ ಬರದಿರತೇತಿ. 1062 ಅಂದ್ರ, ಈ ಮನಷ್ಯಾ ಮೊದಲ ಇಲ್ಲಿ ಅದಾನ. 1451 ಅಂದ್ರ, ಇವನ್ನ ಹಿಡಕೊಂಡ ಇನ್ನೊಂದ ಸಾಲ ಐತಿ, ತಗಿಯಾಕ ಬರೂದಿಲ್ಲ. ನನ್ನ ಮುಂದ ಬಾಗಲಾ ಹಾಕಿದವರು ಇಷ್ಟರ ಹೇಳಿದ್ರೇನು?"

"ಅತ್ತೀಗಿಂತ ಈ ಡಬ್ಬಿ ಛಲೋ ಬಿಡವಾ ಹಂಗಾರ," ಎಂದ ಶಂಕರೆಪ್ಪ.

ಇಂಗ್ಲಿಷಿನ ಒಣ ಸಂದೇಶಗಳನ್ನು ತೆಗೆದು ಅವಳು ಒಂದೊಂದು ಅಂಕಿಗೂ ನಮ್ಮ ಕಡೆಯ ಮಾತು ಬರೆದಳು. 1062, 1451, ಈ ಎರಡರ ಮಾತನ್ನು ಮಾತ್ರ ಬರೆದು, ಅಳಿಸಿ, ಮತ್ತೆ ಬರೆದಳು. ಊಟಕ್ಕೆ ಉಪ್ಪು ನೋಡುವ ಹಾಗೆ ನೋಡಿ ನೋಡಿ ಹದ ಮಾಡಿದಳು.

ಕಿತ್ತೂರಿನಲ್ಲಿ ಕೇಂದ್ರದ ಸಮಾವೇಶ ನಡೆದ ವರ್ಷ ಆ ದಿನ ಬಂತು. ಹೆಸರು ಬರೆಸಿದ ಕೂಡಲೇ ವಿವರವೆಲ್ಲ ಕಲ್ಯಾಣ ಮಂಟಪದ ದೊಡ್ಡ ಪರದೆಯ ಮೇಲೆ ಮೂಡುವ ಏರ್ಪಾಡಿತ್ತು. ಶಂಕರೆಪ್ಪ ಎದುರಿಗೆ ಕುಳಿತು ಟೈಪ್ ಮಾಡುತ್ತಿದ್ದ. ಅನ್ನಪೂರ್ಣಾ ಪರದೆಯ ಹಿಂದಿದ್ದಳು. ಅಲ್ಲಿಂದಲೇ ರಾಚವ್ವನ ದನಿ ಕೇಳಿದಳು. ಮಗನಿಗೆ ಹೊಸ ನಂಬರು, ಧಾರವಾಡದ ಹೊಸ ವಿಳಾಸ, ಅಫಿಡವಿಟ್ ಮಾಡಿಸಿದ ಹೊಸ ಹೆಸರು ಉಲ್ಲಾಸ. ಮೊದಲನೆಯ ಮದುವೆ ಎಂದು ಹೇಳಿದಳು. ಸಾವಿರಾರು ಗಂಡುಗಳನ್ನು ಕಂಡಿದ್ದ ಶಂಕರೆಪ್ಪನಿಗೆ ಗುರುತು ಹತ್ತಲಿಲ್ಲ.

"ಸೋದರಮಾವ ಯಾರ್ರಿ?"

"ಸಿರಸಂಗಿ ಮಡಿವಾಳೆಪ್ಪ, ಬರಕೋರಿ," ಎಂದು ಬದಿಗಿದ್ದ ಮುದುಕ ಯಾರೂ ಬಾಯಿ ತೆರೆಯುವ ಮೊದಲೇ ಎದೆ ಸೆಟೆಸಿ ಹೇಳಿದ.

ಶಂಕರೆಪ್ಪ ಒತ್ತಿದ. ಪರದೆಯ ತುಂಬ ಬಂತು:

1062. ಇವರು ಮೊದಲ ನಮ್ಮಲ್ಲಿ ಅದಾರ್ರಿ. ಲಗ್ನ ಆಗೇತಿ. ಹೆಂಡತಿ: ಅನ್ನಪೂರ್ಣಾ, ದೊಡವಾಡ.

"ಹಳೇದೇನರ ಉಳದಿರಬೇಕು, ಅಳಸ್ರಿ ಅದನ್ನ," ಎಂದಳು ರಾಚವ್ವ. ಗಡಿಬಿಡಿಯಲ್ಲಿದ್ದ ಶಂಕರೆಪ್ಪ ಅದನ್ನೂ ಒತ್ತಿದ.

1451. ಇವರನ್ನ ಅಳಸಾಕ ಬರೂದಿಲ್ರಿ. ಕಟಗೊಂಡಾಕಿ ಇನ್ನೂ ಅದಾಳ.

ಸವದತ್ತಿಯ ಕಡೆಯಿಂದ ಹೆಣ್ಣು ಕರೆತಂದವರು ಮುಂದಿನ ಸಾಲಿನಲ್ಲೇ ಇದ್ದರು. ಅವರಲ್ಲೊಬ್ಬಳು, "ಇನ್ನೊಮ್ಮೆ ಒತ್ರೀಯಪಾ, ಅತ್ತೀನ್ನರ ಅಳಸತೇತೇನ ನೋಡೂಣು" ಎಂದಳು. ಮಂಟಪವೆಲ್ಲ ನಕ್ಕಿತು. ನಗು ಇಳಿಯುವ ಮೊದಲೇ ಅನ್ನಪೂರ್ಣಾ ಪರದೆಯ ಹಿಂದಿನಿಂದ ಬಂದು ನಿಂತಳು.

"ಅತ್ತೀ, ಪಂಚಮಿ ಮುಗದ ಭಾಳ ದಿನಾ ಆತ್ರಿ. ಕರಿಯಾಕ ಬಂದ್ರೇನು?"

ಮಡಿವಾಳೆಪ್ಪ ಶಲ್ಯ ಕೊಡವಿಕೊಂಡು ಎದ್ದುಹೋದ. ಉಳವಪ್ಪ ತನ್ನ ಚಪ್ಪಲಿ ಹುಡುಕುವುದನ್ನು ಜನರೆಲ್ಲ ನೋಡುತ್ತ ಕುಳಿತರು. ಅಂದು ಬೈಲಹೊಂಗಲದ ಬಸ್ಸಿನಲ್ಲಿ ಅನ್ನಪೂರ್ಣಾ ಗಿರಮಿಟ್ಟು ತಿನ್ನುತ್ತ ದಾರಿಯುದ್ದಕ್ಕೂ ನಕ್ಕಳು. ಅಷ್ಟು ಹಟ ಸಾಧಿಸಬಾರದಿತ್ತು, ಕ್ಷಮಿಸಬಹುದಿತ್ತು ಎಂದು ಈಗ ಹೇಳುವವರಿದ್ದಾರೆ. ಮುಚ್ಚಿದ ಬಾಗಿಲಿನ ಮುಂದೆ ಕೈಚೀಲ ಹಿಡಿದು ನಿಂತವರಲ್ಲ ಅವರು.

ಆಮೇಲೆ ಕಾಯಿಲೆ ಬಂತು. ಆಸ್ಪತ್ರೆಗೆ ಒಂದು ಮಧ್ಯಾಹ್ನ ಮಡಿವಾಳೆಪ್ಪ ಮೋಸಂಬಿ ಹಿಡಿದುಕೊಂಡು ಬಂದ. ಮಂಚದ ಬದಿಗೆ ಕುಳಿತು, ಗೋಡೆ ನೋಡುತ್ತ ಕೇಳಿದ: "ಡಾಕ್ಟರ ಎಷ್ಟ ದಿನಾ ಅಂದಾರವಾ?"

ಅವನನ್ನು ಯಾರು ಕಳಿಸಿದ್ದಾರೆಂದು ಅವಳಿಗೆ ತಿಳಿಯಿತು. ಅವನು ಹೋದ ಮೇಲೆ ಲೆಕ್ಕ ಹಾಕಿದಳು. ತಾನು ಕಣ್ಣು ಮುಚ್ಚಿದರೆ ಉಳವಪ್ಪ ಹೊಸದಾಗಿ ಹೆಸರು ಬರೆಸಬೇಕಾಗಿಲ್ಲ, ಹಳೆಯದನ್ನು ಅಳಿಸಬೇಕಾಗಿಯೂ ಇಲ್ಲ. ಇದ್ದ ಸಾಲಿನಲ್ಲೇ 'ವಿಧುರ' ಎಂದು ತಿದ್ದಿಸಿದರೆ ಸಾಕು. ಅದಕ್ಕೆ ಯಾವ ಎರರೂ ಬರುವುದಿಲ್ಲ. ಹೆಂಡತಿ ಸತ್ತ ಪಾಪದ ಗಂಡು ಎಂದು ಜನ ಕರೆದು ಹೆಣ್ಣು ಕೊಡುತ್ತಾರೆ.

"ನಾ ಸತ್ತು ಅವಗ ಹಾದಿ ಮಾಡಿಕೊಟ್ಟಂಗ ಆತಲ್ಲಬೇ," ಎಂದಳು ತಾಯಿ ತಂಗೆವ್ವನಿಗೆ. ಲ್ಯಾಪ್‌ಟಾಪ್ ತರಿಸು ಎಂದಳು.

"ಈ ಹೊತ್ತಿನ್ಯಾಗೂ ಅವನ ಚಿಂತಿ ಏನವಾ ನಿನಗ?"

"ಚಿಂತಿ ಅಲ್ಲಬೇ. ಅವನ ಬಾಯಿಂದ ಹೇಳಸೂದು ಒಂದ ಉಳದೇತಿ."

ಸೂಜಿ ಚುಚ್ಚಿದ ಕೈಯಲ್ಲೇ ವಿಧುರರಿಗೆಂದು ಹೊಸ ಕೋಷ್ಟಕ ಮಾಡಿದಳು. ಇನ್ನು ಮೇಲೆ ಯಾರೇ ವಿಧುರನೆಂದು ಬರೆಸಬೇಕಾದರೂ ಅದನ್ನು ದಾಟಿಯೇ ಹೋಗಬೇಕು. ಅದರಲ್ಲಿ ಒಂದು ಖಾನೆ ಖಾಲಿ ಬಿಡುವಂತಿಲ್ಲ. ಬಿಟ್ಟರೆ 1048 ಎಂಬ ಎರರ್ ಬರುತ್ತದೆ. ತುಂಬಿದರೆ ಉತ್ತರ ಹೆಣ್ಣಿನ ಕಡೆಯವರ ಮುಂದೆ ದೊಡ್ಡ ಪರದೆಯ ಮೇಲೆ ಕಾಣುತ್ತದೆ. ಸುಳ್ಳು ತುಂಬಿದರೆ ಓದಲು ದೊಡವಾಡದವರೂ ಅಲ್ಲಿರುತ್ತಾರೆ.

ಕೊನೆಗೆ ಆ ಅಂಕಿಯ ಮಾತು ಬರೆದಳು. ಉಳವಪ್ಪನ ಸಾಲು ತೆರೆದು, ಖಾನೆ ಖಾಲಿ ಬಿಟ್ಟು, ಒತ್ತಿ ನೋಡಿದಳು. ಬಂತು. ತಂಗೆವ್ವನಿಗೆ ಓದು ಬಾರದು, ಆದ್ದರಿಂದ ಗಟ್ಟಿಯಾಗಿ ಓದಿ ಹೇಳಿದಳು:

"1048. ಇದನ್ನ ಖಾಲಿ ಬಿಡಾಕ ಬರೂದಿಲ್ರಿ. ಹೆಂಡತಿ ಕಡೀಕ ಯಾರ ಮನ್ಯಾಗ ಇದ್ಳು, ಬಾಯಾಗ ನೀರ ಯಾರ ಬಿಟ್ರು, ಬರೀರಿ."

ಓದಿ ಮುಗಿಸಿ, ಖಾನೆ ಖಾಲಿ ಬಿಟ್ಟೇ ಇನ್ನೊಮ್ಮೆ ಒತ್ತಿದಳು.