ಅಪ್ಪ ಉಗುಳು ನುಂಗದೆ ಮಲಗಿದ ಹೊತ್ತು

ಅಪ್ಪನ ಎಡಗೈ ಸೋಲುತ್ತಿರುವುದು ಮೊದಲು ಗೊತ್ತಾದದ್ದು ಪೂಜೆಯಲ್ಲಿ. ನಮ್ಮೂರು ತಾಳ್ಯದ ಮನೆಯಲ್ಲಿ ಅಂಗೈಮೇಲೆ ಇಷ್ಟಲಿಂಗ ಇಟ್ಟುಕೊಂಡು ಕೂತಿದ್ದರು. ಅದು ಜಾರಿ ಮಡಿಲಿಗೆ ಬಿತ್ತು. ಕುತ್ತಿಗೆಯಲ್ಲಿ ನರಕ್ಕೆ ಏನೋ ಒತ್ತುತ್ತಿರಬಹುದೆಂದು ಡಾಕ್ಟರು ಎಂಆರ್‌ಐ ಮಾಡಿಸಲು ಹೇಳಿದರು. ಅಪ್ಪನಿಗೆ ಬೇಕಿದ್ದದ್ದು ಒಂದೇ, ಆ ಕೈ ಮತ್ತೆ ಲಿಂಗ ಹಿಡಿಯಬೇಕು.

ಚಿತ್ರದುರ್ಗದಲ್ಲಿ ಸ್ಕ್ಯಾನ್ ಮಾಡುವಾಕೆ ಅಪ್ಪನ ಕೊರಳಲ್ಲಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆ ನೋಡಿದಳು. "ಲಿಂಗ, ದಾರ ಎಲ್ಲಾ ತೆಗೀಬೇಕ್ರಿ ಯಜಮಾನ್ರೆ. ಒಳಗೆ ದೊಡ್ಡ ಅಯಸ್ಕಾಂತ ಐತೆ."

ಅಪ್ಪ ಜಗಳಕ್ಕೆ ನಿಲ್ಲುತ್ತಾರೆಂದು ನಾನೂ ಮಾತು ಮಸೆದುಕೊಂಡಿದ್ದೆ. ಅವರು ಕರಡಿಗೆಯನ್ನು ಸುಮ್ಮನೆ ನನ್ನ ಅಂಗೈಗಿಟ್ಟರು. "ಕೆಳಗೆ ಇಡಬ್ಯಾಡವ್ವ. ನೀನು ವಾಪಸ್ ಕೊಡೋತನಕ ನಾನು ಉಗುಳೂ ನುಂಗಲ್ಲ." ಲಿಂಗ ಮೈಮೇಲಿಲ್ಲದೆ ಗಂಟಲಿಗೆ ಏನೂ ಇಳಿಯಬಾರದೆಂಬುದು ಅವರ ನೇಮ.

ಗಾಜಿನಾಚೆ ಅಪ್ಪ ಕೊಳವೆಯೊಳಗೆ ಸರಿದರು. ಟಕಟಕ ಶುರುವಾಯಿತು, ತಗಡು ಬಡಿದ ಹಾಗೆ. ಒಳಗಿನದು ಹೇಗೆ ಕಾಣುತ್ತದೆ ಎಂದು ಆಕೆಯನ್ನು ಕೇಳಿದೆ.

"ಮೈತುಂಬ ನೀರೈತಲ್ಲಕ್ಕ, ಅದರೊಳಗಿನ ಸಣ್ಣ ಕಣಗಳು ಅಯಸ್ಕಾಂತಕ್ಕೆ ಸಾಲಾಗಿ ನಿಲ್ತವೆ. ರೇಡಿಯೋ ಅಲೆ ಬಿಟ್ಟು ಸಾಲು ಕದಲಿಸ್ತೀವಿ. ತಿರುಗಿ ಸಾಲಿಗೆ ಬರೋವಾಗ ಅವೇ ಸಿಗ್ನಲ್ ಕೊಡ್ತವೆ. ಕಂಪ್ಯೂಟರು ಅದನ್ನ ಚಿತ್ರ ಮಾಡ್ತತೆ." ಪರದೆ ನೋಡುತ್ತ ಅಂದಳು, "ಕುತ್ತಿಗೆ ಸ್ಕ್ಯಾನಲ್ಲಿ ಉಗುಳು ನುಂಗಿ ಚಿತ್ರ ಮಸುಕು ಮಾಡೋರೇ ಜಾಸ್ತಿ. ನಿಮ್ಮಪ್ಪಾರು ಅಲ್ಲಾಡೇ ಇಲ್ಲ. ಎಷ್ಟು ಚೆನ್ನಾಗಿ ಬಂದೈತೆ ನೋಡ್ರಿ."

ಚೆನ್ನಾಗಿಯೇ ಬಂದಿತ್ತು. ನರದ ನಡುವೆ ಹುಣಸೆಬೀಜದಂಥದೊಂದು ನನಗೂ ಕಂಡಿತು. ಇದೇನೆಂದು ಕೇಳಿದೆ. ಡಾಕ್ಟರು ಹೇಳುತ್ತಾರೆ ಎಂದಳು. ನನಗೆ ಭಯವಾಯಿತು. ಅಪ್ಪನ ನೇಮದ ಮೇಲೂ ಸಿಟ್ಟು ಬಂತು, ಒಮ್ಮೆ ನುಂಗಿದ್ದರೆ ಅದು ಇಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲವೇನೋ ಎಂದು. ಬೆವರಿಗೆ ಕರಡಿಗೆ ಜಾರತೊಡಗಿತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆ ಗಡ್ಡೆಯ ಆಪರೇಷನ್ ಆದರೂ ಕೈಗೆ ಬಲ ಮರಳಲಿಲ್ಲ. ಆಮೇಲೆ ಪೂಜೆಯಲ್ಲಿ ಅವರ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟು ಕೂರುತ್ತಿದ್ದೆ. ಅಪ್ಪ ತೀರಿಕೊಂಡಾಗ, ಸಮಾಧಿಯಲ್ಲಿ ಕೂರಿಸಿ ಎಡಗೈಗೆ ಲಿಂಗ ಇಟ್ಟರು. ಬೀಳುತ್ತದೆಂದು ನಾನು ಕೈ ಚಾಚಿದೆ. ಸಂಸ್ಕಾರ ಮಾಡಿಸುತ್ತಿದ್ದ ಅಯ್ಯನವರು ತಡೆದರು.

"ಬಿಡವ್ವ, ಹಿಡ್ಕಂಡೈತೆ."

ಹಿಡಿದಿತ್ತು.

ಈಗ ನಾನೊಬ್ಬಳೇ ಪೂಜೆಗೆ ಕೂತರೆ ಗೋಡೆಯಾಚೆ ಆ ಕೊಳವೆಯದೇ ಟಕಟಕ ಕೇಳಿಸುತ್ತದೆ. ಅದು ನಿಲ್ಲುವ ತನಕ ಉಗುಳು ನುಂಗುವುದಿಲ್ಲ.