ಒಣದ್ರಾಕ್ಷಿ ಶೆಡ್ಡಿನಲ್ಲಿ ಸಿಕ್ಕ ಹೆಸರುಗಳು

ಹೊಳೆ ಇಳಿದ ಮೇಲೆ ಊರಿಗೆ ಮೊದಲು ಕಾಲಿಟ್ಟವರಲ್ಲಿ ನಾವಿಬ್ಬರೂ ಇದ್ದೆವು, ನಾನು ಮತ್ತು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ, ಊರೆಲ್ಲ ವೈನಿ ಅಂದರೆ ಅತ್ತಿಗೆ ಎಂದೇ ಕರೆಯುವ ಹೆಂಗಸು. ಕುಡಚಿಯ ಸಮೀಪ, ಕೃಷ್ಣೆಯ ದಂಡೆಯ ಮೇಲಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಆಗ ಮುಖ್ಯಶಿಕ್ಷಕಿ. ನನ್ನ ತವರು ಅಕ್ಕೋಳ. ಮಳೆಗಾಲದಲ್ಲಿ ವೇದಗಂಗೆಯ ನೀರು ಹೊಲಕ್ಕೆ ನುಗ್ಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ಹಾಗಾಗಿ ನೆರೆ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಹೊಲಕ್ಕೆ ಬರುವ ನೀರು ಬೇರೆ, ಮನೆಯ ಸೂರು ಮುಟ್ಟುವ ನೀರು ಬೇರೆ ಎಂದು ಆ ಆಗಸ್ಟ್‌ನಲ್ಲಿ ತಿಳಿಯಿತು.

ಮೂರು ವಾರ ಇಡೀ ಊರು ರಾಯಬಾಗದ ಕಾಳಜಿ ಕೇಂದ್ರದಲ್ಲಿತ್ತು. ಅಲ್ಲಿ ದಿನಾ ಬೆಳಿಗ್ಗೆ ಯಾರಾದರೊಬ್ಬರು ನನ್ನ ಹತ್ತಿರ ಬಂದು ಒಂದೇ ಮಾತು ಕೇಳುತ್ತಿದ್ದರು. "ಅಕ್ಕಾರ, ಸಾಲ್ಯಾಗಿನ ಪುಸ್ತಕ ಉಳದಾವೇನ್ರಿ?"

ಕೇಳಲು ಕಾರಣವಿತ್ತು. ರೇಷನ್ ಕಾರ್ಡು, ಆಧಾರ್, ಜಾತಿ ಪ್ರಮಾಣಪತ್ರ ಎಲ್ಲವೂ ಪೆಟ್ಟಿಗೆಗಳ ಸಮೇತ ತೇಲಿ ಹೋಗಿದ್ದವು. ಹೊಸದಾಗಿ ಯಾವ ಕಾಗದ ಮಾಡಿಸಬೇಕೆಂದರೂ ಹುಟ್ಟಿದ ದಿನ, ತಂದೆಯ ಹೆಸರು, ಜಾತಿ ಇವುಗಳಿಗೆ ಕೊನೆಯ ಆಧಾರ ಶಾಲೆಯ ದಾಖಲಾತಿ ಪುಸ್ತಕವೇ. ಒಂದು ಊರಿನ ಜನರೆಲ್ಲ ತಾವು ಯಾರೆಂದು ತೋರಿಸಲು ನನ್ನ ಕಬ್ಬಿಣದ ಕಪಾಟನ್ನು ನಂಬಿ ಕೂತಿದ್ದರು.

ಆ ಕಪಾಟು ಮೊಣಕಾಲುದ್ದದ ರಾಡಿಯಲ್ಲಿ ಬೋರಲಾಗಿ ಬಿದ್ದಿತ್ತು. ಪಕ್ಕದ ಮನೆಯ ಅವಶೇಷ ಬಗೆಯುತ್ತಿದ್ದ ಇಬ್ಬರು ಬಂದು ಹಾರೆ ಹಾಕಿ ಬಾಗಿಲು ಸೀಳಿದರು. ಒಳಗೆ ಹನ್ನೊಂದು ಪುಸ್ತಕಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು ಗಟ್ಟಿಯಾಗಿ ಕೂತಿದ್ದವು. ನಾನು ಮೇಲಿನವರಿಗೆ ಫೋನ್ ಮಾಡಿದೆ. ಅವರಿಗೂ ಇಂಥ ಎಷ್ಟೋ ಶಾಲೆಗಳ ಚಿಂತೆ. "ನಾಶ ಆಗ್ಯಾವ ಅಂತ ಪಂಚನಾಮೆ ಮಾಡಿ ಕಳಸ್ರಿ, ಸಾಕು" ಎಂದರು. ಪಂಚನಾಮೆ ಬರೆಯಲು ನಾನು ಕಾಗದ ಹುಡುಕುತ್ತಿದ್ದೆ. ವೈನಿ ಒಂದು ಪುಸ್ತಕವನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದರು.

"ಅಕ್ಕಾರ, ಇವನ್ನ ಬಿಸಲಾಗ ಇಟ್ರ ಹಪ್ಪಳ ಆಗ್ತಾವ್ರಿ. ನೆರಳಾಗ ಗಾಳಿಗೆ ಒಣಗಸ್ಬೇಕು."

"ಊರಾಗ ಒಣಾ ಜಾಗಾ ಎಲ್ಲೈತ್ರಿ ವೈನಿ? ಒಂದ ತೋರಸ್ರಿ ನೋಡೂಣು."

"ಊರಾಗ ಯಾಕ್ರಿ? ಅಥಣಿ ಆಚೆ ನಮ್ಮಣ್ಣಂದು ಮಣೂಕದ ಶೆಡ್ ಐತಿ. ಈಗ ಸೀಜನ್ ಇಲ್ಲ, ಖಾಲಿ ಬಿದ್ದೈತಿ. ದ್ರಾಕ್ಷಿ ಒಣಗತಾವಂದ್ರ ಕಾಗದ ಒಣಗಂಗಿಲ್ಲೇನು?"

ಮಣೂಕ ಎಂದರೆ ಒಣದ್ರಾಕ್ಷಿ. ಅಥಣಿ ಕಡೆ ಬೇಸಿಗೆಯಲ್ಲಿ ಹೋದವರು ಆ ಶೆಡ್ಡುಗಳನ್ನು ನೋಡಿರುತ್ತಾರೆ: ಮೇಲೆ ತಗಡು, ಸುತ್ತ ಗೋಡೆಯಿಲ್ಲ, ಒಳಗೆ ಉದ್ದಕ್ಕೂ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳು. ಬಿಸಿಲು ತಾಗದಂತೆ, ಗಾಳಿ ಮಾತ್ರ ಆಡುವಂತೆ. ಅವರ ಮಾತು ಮುಗಿಯುವ ಮೊದಲೇ ನಾನು ಟೆಂಪೊ ಹುಡುಕಲು ಫೋನ್ ತೆಗೆದಿದ್ದೆ. ಪಂಚನಾಮೆಗೆ ಕಾಗದ ಹುಡುಕುವುದನ್ನು ಅಲ್ಲಿಗೇ ಬಿಟ್ಟೆ.

ಅಂದೇ ಮಧ್ಯಾಹ್ನ ಹನ್ನೊಂದೂ ಪುಸ್ತಕಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಟೆಂಪೊದಲ್ಲಿಟ್ಟೆವು. ಅರೆಬರೆ ಒಣಗಿದರೆ ಹಾಳೆಗಳು ಕಚ್ಚಿಕೊಳ್ಳುತ್ತವೆ, ಬಿಡಿಸುವವರೆಗೂ ಹಸಿಯಾಗಿಯೇ ಇರಲಿ ಎಂದು ವೈನಿಯ ಅಣ್ಣ ಫೋನಿನಲ್ಲಿ ಹೇಳಿದ್ದರು. ಕುಡಚಿಯ ಸೇತುವೆ ಸಂಚಾರಕ್ಕೆ ತೆರೆದು ಎರಡೇ ದಿನವಾಗಿತ್ತು. ಕಟಾಂಜನದ ತುಂಬ ಕಬ್ಬಿನ ಸೋಗೆ, ಹರಿದ ಸೀರೆ, ಯಾರದೋ ಕೊಡ. ಎರಡೂ ಬದಿ ಮಣ್ಣಿನ ಬಣ್ಣಕ್ಕೆ ತಿರುಗಿ ಮಲಗಿದ ಕಬ್ಬು. ಅಥಣಿ ದಾಟಿದ ಮೇಲೆ ಒಮ್ಮೆಲೇ ಧೂಳು ಎದ್ದಿತು. ಒಣ ನೆಲ ನೋಡಿ ಎಷ್ಟು ದಿನವಾಗಿತ್ತೆಂದರೆ, ಆ ಧೂಳು ಮುಖಕ್ಕೆ ಬಡಿದಾಗ ನಾವಿಬ್ಬರೂ ಕಾರಣವಿಲ್ಲದೆ ನಕ್ಕೆವು.

ವೈನಿಯ ಅಣ್ಣ ಶೆಡ್ಡನ್ನು ಗುಡಿಸಿ, ಬಲೆಗಳನ್ನು ತೊಳೆದು ಇಟ್ಟಿದ್ದರು. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಏಳೆಂಟು ಹೆಣ್ಣುಮಕ್ಕಳೂ ಬಂದಿದ್ದರು. ಗೊನೆಯಲ್ಲಿ ಬೇಡದ ಕಾಯಿಗಳನ್ನು ಮಾತ್ರ ಆರಿಸಿ ತೆಗೆಯುವ ಕೆಲಸ ಅವರದು. ಪಕ್ಕದ ಕಾಯಿಗೆ ಉಗುರು ತಾಗಿದರೆ ಕಲೆ ಬೀಳುತ್ತದೆ. ಅಂಥ ಬೆರಳುಗಳ ಮುಂದೆ ಹಸಿ ಹಾಳೆ ಏನು ದೊಡ್ಡದು. ಅಂಚು ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದರು. ನಾನು ಪುಟದ ಸಂಖ್ಯೆ ನೋಡಿ ಸಾಲಾಗಿ ಬಲೆಯ ಮೇಲೆ ಹಾಸುತ್ತಿದ್ದೆ. ಒಬ್ಬಳು ಕೇಳಿದಳು, "ಇದ್ರಾಗ ಯಾರ ಯಾರ ಹೆಸರ ಅದಾವ್ರಿ ಅಕ್ಕಾರ?" ಒಂದು ಸಾಲು ಓದಿದೆ. ಆಮೇಲೆ ಪ್ರತಿ ಹಾಳೆಗೂ ಎರಡು ಹೆಸರು ಓದಬೇಕೆಂದು ಅವರೇ ಕಾಯ್ದೆ ಮಾಡಿದರು.

ಹತ್ತಿರದ ವರ್ಷಗಳ ನೀಲಿ ಶಾಯಿ ಕೆಲವು ಕಡೆ ತೊಳೆದುಹೋಗಿತ್ತು. ಎಲ್ಲಕ್ಕಿಂತ ಹಳೆಯ ಪುಸ್ತಕದ ಕಪ್ಪು ಶಾಯಿ ಮಾತ್ರ ನಿನ್ನೆ ಬರೆದಂತಿತ್ತು. ಆದರೆ ಅದು ಹಿಂದೆ ಈ ಭಾಗದ ದಫ್ತರಗಳಲ್ಲಿ ಬಳಸುತ್ತಿದ್ದ ಮರಾಠಿಯ ಮೋಡಿ ಲಿಪಿ, ನನಗೆ ಒಂದಕ್ಷರವೂ ಬರದು. ಮಾರನೆಯ ದಿನ ವೈನಿಯ ಅಣ್ಣ ನೆರೆಯ ಅಜ್ಜನೊಬ್ಬರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಅವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಹಳೆಯ ಜಮೀನಿನ ಕಾಗದ ಓದಿ ಓದಿ ಮೋಡಿ ಅವರಿಗೆ ಕರಗತ. ಅಜ್ಜ ಕುರ್ಚಿ ಬೇಡವೆಂದು ಬಲೆಯ ಪಕ್ಕ ನಿಂತೇ ಓದತೊಡಗಿದರು. ಶಾಲೆ ಬಿಟ್ಟ ಕಾರಣ ಬರೆಯುವ ಕಾಲಂಗೆ ಬಂದಾಗ ಅವರ ಬೆರಳು ನಿಂತಿತು.

"ಪ್ಲೇಗು" ಎಂದರು. ಬೆರಳು ಕೆಳಗಿನ ಸಾಲಿಗೆ ಹೋಯಿತು. "ಪ್ಲೇಗು. ಗಾಂವ ಸೋಡಲಾ, ಊರ ಬಿಟ್ರು." ಆ ಪುಟ ಪೂರ್ತಿ ಅದೇ. ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಸುತ್ತ ನಿಂತರು. ಅಜ್ಜ ಮುಂದಿನ ಹಾಳೆಗೆ ಬಾಗಿದರು. ಅಲ್ಲಿ ಹೊಸ ಸಂಖ್ಯೆಗಳು, ಹೊಸ ದಾಖಲಾತಿ. ಆದರೆ ಹೆಸರುಗಳು? ಅವರು ಹಿಂದಿನ ಹಾಳೆ ನೋಡಿದರು, ಮುಂದಿನದು ನೋಡಿದರು.

"ಅಕ್ಕಾರ, ಇವು ಅವ ಹುಡುಗರ್ರಿ. ತಿರಗಿ ಬಂದಾರ."

ನಾವು ಒಂದೊಂದೇ ಹೆಸರು ಹೊಂದಿಸುತ್ತ ಹೋದೆವು. ಅಜ್ಜ ಎರಡೂ ಹಾಳೆಗಳಿಂದ ಓದುವುದು, ನಾನು ಬೇರೊಂದು ಕಾಗದದಲ್ಲಿ ಗುರುತು ಮಾಡುವುದು. ಹೆಸರು ಸಿಕ್ಕಾಗಲೆಲ್ಲ ಹೆಂಗಸರು ಅಂತ್ಯಾಕ್ಷರಿ ಗೆದ್ದವರಂತೆ ಒಬ್ಬರನ್ನೊಬ್ಬರು ತಟ್ಟಿಕೊಳ್ಳುತ್ತಿದ್ದರು. ಎಲ್ಲರೂ ಬಂದಿರಲಿಲ್ಲ. ಜೋಡಿ ಸಿಗದ ಹೆಸರುಗಳಿಗೆ ಬಂದಾಗ ಅಜ್ಜ ಮೆಲ್ಲಗೆ ಓದಿ ಮುಂದೆ ಹೋಗುತ್ತಿದ್ದರು. ಆದರೂ ಬಂದವರೇ ಹೆಚ್ಚು. ನಮ್ಮ ಊರು ಹೀಗೆ ಚೆದುರಿದ್ದು ಇದೇ ಮೊದಲಲ್ಲ, ಕೂಡಿದ್ದೂ ಇದೇ ಮೊದಲಲ್ಲ ಎಂದು ನನ್ನ ಕಣ್ಣೆದುರು ಮಸಿಯಲ್ಲಿ ಬರೆದಿತ್ತು. ಕಾಳಜಿ ಕೇಂದ್ರದಲ್ಲಿ ಒಮ್ಮೆಯೂ ಅಳದವಳು ಅಲ್ಲಿ ಅತ್ತೆ. ಅದು ದುಃಖದ ಅಳು ಆಗಿರಲಿಲ್ಲ.

ಮೂರನೆಯ ದಿನ ಬಿಡಿಸಿದ್ದು ಬಾಲಬೋಧ, ಅಂದರೆ ದೇವನಾಗರಿ ಲಿಪಿಯ ಮರಾಠಿಯಲ್ಲಿ ಬರೆದ ಪುಸ್ತಕ, ಅದನ್ನು ನಾನೇ ಓದಬಲ್ಲೆ. ಒಂದು ಹೆಣ್ಣು ಹೆಸರು, ತಂದೆಯ ಹೆಸರು, ಅಡ್ಡಹೆಸರು ಓದಿದೆ. ವೈನಿ ಚಹಾದ ಕಪ್ಪು ಕೆಳಗಿಟ್ಟು ಹತ್ತಿರ ಬಂದರು.

"ಇನ್ನೊಮ್ಮೆ ಓದ್ರಿ."

ಓದಿದೆ. ಅದು ಅವರ ಅತ್ತೆ. ಅದೇ ಊರಿನ ಮಗಳು, ಅದೇ ಊರಿನ ಸೊಸೆ. ತಾನು ಶಾಲೆಗೆ ಹೋಗಿದ್ದೆ ಎಂದು ಆ ಮುದುಕಿ ಆಗಾಗ ಹೇಳುತ್ತಿದ್ದರಂತೆ. ಆ ಕಾಲದಲ್ಲಿ ಅವರ ಮನೆತನದ ಹುಡುಗಿಯನ್ನು ಶಾಲೆಗೆ ಯಾರು ಕಳಿಸುತ್ತಿದ್ದರು ಎಂದು ಮಕ್ಕಳು ಮೊಮ್ಮಕ್ಕಳೆಲ್ಲ ನಗುತ್ತಿದ್ದರಂತೆ. ವೈನಿ ಅಲ್ಲೇ ರಾಯಬಾಗಕ್ಕೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಅತ್ತ್ಯಾರ, ನೀವು ಸಾಲಿಗೆ ಹೋಗಿದ್ದು ಖರೇ ಐತ್ರಿ. ಪುಸ್ತಕದಾಗ ಸಿಕ್ತು."

"ಮತ್ತ ನಾ ಸುಳ್ಳ ಹೇಳತಿದ್ನೇನು?" ಎಂದಿತು ಆ ಕಡೆಯ ಧ್ವನಿ. "ಏನಂತ ಬರದಾರ ಓದು."

"ಎರಡನೇ ಕ್ಲಾಸ್ ಪಾಸ್. ಹೊಳಿ ಬಂದು ಊರ ಬಿಟ್ರು."

"ಪಾಸ್ ಆಗಿದ್ದು ಖರೇ. ಊರ ಬಿಟ್ಟಿದ್ದು ಸುಳ್ಳ. ಹೊಳಿ ಇಳದ ಮ್ಯಾಲ ನಾವು ತಿರಗಿ ಬಂದ್ವಿ. ಸಾಲಿ ಬಿದ್ದಿತ್ತು. ಮಾಸ್ತರ್ರು ಗುಡ್ಯಾಗ ಸಾಲಿ ಚಾಲೂ ಮಾಡಿದ್ರು. ಜಾಗಾ ಸಾಲಂಗಿಲ್ಲಂತ ಗಂಡ ಹುಡುಗೂರನ್ನ ಅಷ್ಟ ಕುಂಡ್ರಿಸಿಕೊಂಡ್ರು. ನಾವು ಕಟ್ಟಿಮ್ಯಾಲ ನಾಕ ದಿವಸ ಕುಂತು, ಮನಿಗಿ ಹೋದ್ವಿ."

ನನ್ನ ಮಟ್ಟಿಗೆ ಆ ಮಾತು ನೇರ ಎದೆಗೇ ಬಂದು ಬಿತ್ತು. ಯಾಕೆಂದರೆ ಶಾಲೆ ಮತ್ತೆ ಶುರು ಮಾಡಲು ನಮಗೆ ಸಿಕ್ಕಿದ್ದು ಸಮುದಾಯ ಭವನದ ಎರಡೇ ಕೋಣೆ. ಮೊದಲು ಆರು, ಏಳನೆಯ ತರಗತಿಯವರು ಬರಲಿ, ಸಣ್ಣವರು ಒಂದೆರಡು ತಿಂಗಳು ಮನೆಯಲ್ಲಿರಲಿ ಎಂದು ನಾನು ಯೋಜನೆ ಬರೆದು ಕಳಿಸಿಯೂ ಆಗಿತ್ತು. ಮನೆಯಲ್ಲಿ ಉಳಿದವರಲ್ಲಿ ಯಾರು ತಿರುಗಿ ಬರುತ್ತಾರೆ, ಯಾರು ಬರುವುದಿಲ್ಲ ಎಂದು ನಾನು ಯೋಚಿಸಿರಲಿಲ್ಲ.

ಅಲ್ಲಿಂದಲೇ ಮೇಲಿನವರಿಗೆ ಫೋನ್ ಮಾಡಿ ಯೋಜನೆ ಬದಲಿಸುತ್ತೇನೆಂದು ಹೇಳಿದೆ. ದಿನಕ್ಕೆ ಎರಡು ಪಾಳಿ, ಬೆಳಿಗ್ಗೆ ಸಣ್ಣವರು, ಮಧ್ಯಾಹ್ನ ದೊಡ್ಡವರು. ಯಾರನ್ನೂ ಕಾಯಿಸುವುದಿಲ್ಲ. "ಅಡಗಿ ಎರಡ ಸರ್ತಿ ಮಾಡಬೇಕಾಗ್ತೈತ್ರಿ ವೈನಿ" ಎಂದಾಗ ಅವರು ಬಲೆಯ ಮೇಲಿನ ಹಾಳೆ ಮಗುಚುತ್ತ, "ಮಾಡೂಣಲ್ಲ, ಅದೇನ" ಎಂದರು.

ಹದಿನೆಂಟು ದಿನಗಳ ನಂತರ ಹಾಳೆಗಳು ಪೂರ್ತಿ ಒಣಗಿದವು. ಒಂದೊಂದರ ಮೇಲೂ ಬಲೆಯ ಸಣ್ಣ ಚೌಕಗಳ ಅಚ್ಚು ಬಿದ್ದಿತ್ತು. ಕುಡಚಿಯ ಬೈಂಡಿಂಗ್ ಅಂಗಡಿಯ ಚಾಚಾ ಅವನ್ನು ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿಕೊಟ್ಟರು. ಪ್ರಮಾಣಪತ್ರ ಬರೆದು ಬರೆದು ನನ್ನ ಕೈ ಸೋತಿತು. ವೈನಿಯ ಅತ್ತೆಯೂ ಬಂದು ತಮ್ಮದೊಂದು ಬರೆಸಿಕೊಂಡರು. "ಊರ ಬಿಟ್ರು" ಎಂಬುದನ್ನು ತಿದ್ದಿಕೊಡು ಎಂದು ಹಟ ಹಿಡಿದರು. ಹಳೆಯ ನಮೂದು ತಿದ್ದಲು ನನಗೆ ಅಧಿಕಾರವಿಲ್ಲ ಎಂದೆ. ಅದರ ಬದಲು ಅವರು ಹೇಳಿದ್ದನ್ನೆಲ್ಲ ಶಾಲೆಯ ಲಾಗ್ ಬುಕ್ಕಿನಲ್ಲಿ ಅವರೆದುರೇ ಬರೆದು, ಓದಿ ಹೇಳಿದೆ. ಕೆಳಗೆ ಸಹಿ ಮಾಡುತ್ತೇನೆ ಎಂದರು. ಬೆರಳಿಗೆ ಮಸಿ ಹಚ್ಚಲು ಪ್ಯಾಡು ಮುಂದೆ ಸರಿಸಿದೆ. ಅವರು ಅದನ್ನು ಪಕ್ಕಕ್ಕೆ ತಳ್ಳಿ ಪೆನ್ನು ಕೇಳಿದರು.

ಶಾಲೆ ಶುರುವಾಗುವ ಹಿಂದಿನ ಮೂರು ದಿನ ನಾನು ಮತ್ತು ಸಹಶಿಕ್ಷಕರು ಮನೆ ಮನೆ ತಿರುಗಿದೆವು. ಗೋಡೆ ಬಿದ್ದ ಮನೆ, ಟಾರ್ಪಾಲಿನ್ ಹೊದಿಸಿದ ಮನೆ, ನೆಂಟರ ಮನೆ, ಒಂದನ್ನೂ ಬಿಡಲಿಲ್ಲ. ಮೊದಲ ಬೆಳಿಗ್ಗೆ ಒಂದನೆಯ ತರಗತಿಯವರು ಭವನದ ಮೆಟ್ಟಿಲು ಹತ್ತಿ ಬಂದರು. ಸಮವಸ್ತ್ರವಿಲ್ಲ, ಕೆಲವರಿಗೆ ಚಪ್ಪಲಿಯಿಲ್ಲ, ಒಬ್ಬಳ ಮೈಮೇಲೆ ಯಾರೋ ದಾನ ಕೊಟ್ಟ ದೊಡ್ಡವರ ಅಂಗಿ. ನಾನು ಹಾಜರಿ ಕೂಗಿದೆ. ಹೆಣ್ಣುಮಕ್ಕಳಲ್ಲಿ ಇಬ್ಬರು ಕಡಿಮೆ. ಒಬ್ಬಳು ಚಿಕ್ಕೋಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಅಲ್ಲಿನ ಶಾಲೆ ಸೇರಿದ್ದಳು, ಅದು ನನಗೆ ಗೊತ್ತಿತ್ತು. ಇನ್ನೊಬ್ಬಳ ಹೆಸರನ್ನು ಎರಡನೆಯ ಸಲ ಕೂಗುವಷ್ಟರಲ್ಲಿ ಅವಳ ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತು, ಕೆಸರಿನ ಕಾಲಲ್ಲೇ ಬಾಗಿಲಿಗೆ ಬಂದು ನಿಂತ.

"ಹೊತ್ತಾತ್ರಿ ಅಕ್ಕಾರ, ಹಳ್ಳದ ಹಾದಿ ಇನ್ನೂ ಹಸಿ ಐತಿ" ಎಂದ. ಅವಳು ಹೆಗಲ ಮೇಲಿಂದಲೇ ಹಾಜರಿ ಹೇಳಿದಳು.