ನೀರು ಬಂದಾಗಿನ ಸಾಲಿ

ನಮ್ಮ ಶಾಲೆ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆಯ ಒಂದು ನಡುಗಡ್ಡೆಯ ಮೇಲೆ. ಹನ್ನೊಂದು ವರ್ಷ ಅಲ್ಲಿಗೆ ನಾನೊಬ್ಬನೇ ಮೇಷ್ಟ್ರು. ತೆಪ್ಪದಲ್ಲಿ ಹೋಗುವುದು, ತೆಪ್ಪದಲ್ಲಿ ಬರುವುದು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ತೆಪ್ಪ ನಿಲ್ಲುತ್ತಿತ್ತು, ಶಾಲೆಗೆ ರಜೆ ಕೊಟ್ಟು ನಾನು ಲಿಂಗಸುಗೂರಿನ ಮನೆಯಲ್ಲಿ ಉಳಿಯುತ್ತಿದ್ದೆ. ಆದರೂ ಗಡ್ಡೆಯ ಮಂದಿಯೆಲ್ಲ ನನ್ನವರು ಎಂಬ ಜಂಬ ನನಗಿತ್ತು.

ಆಮೇಲೆ ಗೊರೇಬಾಳದ ಮೇಡಂ ಒಬ್ಬರು ಎರಡನೇ ಶಿಕ್ಷಕಿಯಾಗಿ ಬಂದರು. ಕಾಲುವೆ ನೀರು ಬಿಟ್ಟು ಬೇರೆ ನೀರು ಕಂಡವರಲ್ಲ. ತೆಪ್ಪ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸಿಂಧನೂರಿನಲ್ಲಿ 'ಡಿಸೈನ್ ಥಿಂಕಿಂಗ್' ಎಂಬ, ಮೊದಲು ಜನರನ್ನು ಕೇಳಿ ಆಮೇಲೆ ಉಪಾಯ ಹುಡುಕುವ ತರಬೇತಿ ಮುಗಿಸಿದ್ದರು. ಪ್ರತಿ ಶಾಲೆಯೂ ತನ್ನೂರಿನ ಒಂದು ತೊಂದರೆಗೆ ಉಪಾಯ ಹುಡುಕಿ, ಮಸ್ಕಿಯ ಶಿಕ್ಷಕರ ಸಭೆಯಲ್ಲಿ ತೋರಿಸಬೇಕಿತ್ತು. ಶಾಲೆಗೆ ಒಂದೇ ಉಪಾಯ. ಅದು ನನ್ನದೇ ಆಗಬೇಕೆಂದು ಹಟ ಹಿಡಿದು ಥರ್ಮಾಕೋಲಿನಲ್ಲಿ ತೇಲುವ ಶಾಲೆಯ ಮಾದರಿ ಮಾಡಿದೆ. ಕೆಳಗೆ ಡ್ರಮ್ಮು, ಮೇಲೆ ಸೋಲಾರು.

ಮೇಡಂ ಏನೂ ಮಾಡಲಿಲ್ಲ. ಮನೆಮನೆಗೆ ಹೋಗಿ, "ನೀರ ಬಂದಾಗ ಹುಡುಗ್ರು ಏನ್ ಮಾಡ್ತಾರ್ರಿ?" ಎಂದು ಕೇಳುತ್ತ ತಿರುಗಿದರು.

"ಜನಗಣತಿ ಜೋರ ನಡದೈತಲ್ರಿ ಮೇಡಂ," ಎಂದು ಛೇಡಿಸಿದೆ. ಅವರು ನಕ್ಕು ಮುಂದಿನ ಮನೆಗೆ ಹೋದರು.

ಐದನೇ ದಿನ ಒಬ್ಬ ಹುಡುಗಿಯನ್ನು ಕರೆತಂದರು. ನನ್ನಲ್ಲೇ ಏಳನೇ ತರಗತಿ ಮುಗಿಸಿದವಳು. ಹೊಳೆ ದಾಟಿ ಹೈಸ್ಕೂಲಿಗೆ ಹೋಗುವುದು ಬೇಡವೆಂದು ಮನೆಯವರು ಆಡು ಕಾಯಲು ಹಚ್ಚಿದ್ದರು. ನಾಲ್ಕು ಮಳೆಗಾಲದಿಂದ ನೀರು ಏರಿದಾಗಲೆಲ್ಲ ಸಣ್ಣ ಮಕ್ಕಳನ್ನು ಗುಡಿ ಕಟ್ಟೆಯ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದಳಂತೆ. ಇಡೀ ಗಡ್ಡೆಗೆ ಗೊತ್ತಿತ್ತು, ನನ್ನೊಬ್ಬನಿಗೆ ಗೊತ್ತಿರಲಿಲ್ಲ.

"ನನಗ್ಯಾಕ ಹೇಳಲಿಲ್ಲ ನೀ?"

"ನೀರ ಬಂದ್ರ ಸಾಲಿ ಸೂಟಿ ಅಂತ ನೀವ ಹೇಳಿದ್ರಲ್ರಿ ಸರ. ಸೂಟ್ಯಾಗ ಸಾಲಿ ನಡಸೀದ್ರ ಬೈತೀರಂತ ಸುಮ್ಮನಿದ್ವಿ."

ಸಿಟ್ಟು ಬಂದದ್ದು ಅವಳ ಮೇಲಲ್ಲ, ಮೇಡಂ ಮೇಲೆ. ಹನ್ನೊಂದು ವರ್ಷ ನನಗೆ ಮಜ್ಜಿಗೆ ಕೊಟ್ಟ ಮನೆಗಳು ಐದೇ ದಿನದಲ್ಲಿ ಅವರ ಮುಂದೆ ಬಾಯಿ ಬಿಟ್ಟಿದ್ದವು.

ನೀರಿನ ದಿನಗಳ ವೇಳಾಪಟ್ಟಿ ಆ ಹುಡುಗಿಯೇ ಹಾಕುವುದು, ಪಾಠಗಳನ್ನು ನಾವು ಮೊದಲೇ ಬರೆದುಕೊಡುವುದು. ಮೇಡಂ ಉಪಾಯ ಇಷ್ಟೇ. "ಗಣಿತ ನೀವು ಬರೀರಿ ಸರ, ನಿಮ್ಮಷ್ಟು ಚಂದ ನನಗ ಬರಲ್ಲ," ಎಂದರು. ಕೈ ನೋವು ಎಂದು ಸುಳ್ಳು ಹೇಳಿದೆ. ಅದನ್ನೂ ಅವರೇ ಬರೆದರು.

ಗಡ್ಡೆಯವರೆಲ್ಲ ಮೇಡಂ ಉಪಾಯವನ್ನೇ ಒಪ್ಪಿದ್ದರಿಂದ ಮಸ್ಕಿಗೆ ನನ್ನ ತೇಲುವ ಶಾಲೆ ಹೋಗಲಿಲ್ಲ, ಹುಡುಗಿ ಬಂದಳು. ಅಂಜದೆ ಎಲ್ಲವನ್ನೂ ಹೇಳಿದಳು. ಅಧಿಕಾರಿಯೊಬ್ಬರು, "ಪಾಠ ಮಾಡೋದು ಯಾರ ಕಲಿಸಿದ್ರವಾ ನಿನಗ?" ಎಂದು ಕೇಳಿದರು. ಮೇಡಂ ಕಡೆ ಕೈ ತೋರಿಸುತ್ತಾಳೆಂದು ನಾನು ನೆಲ ನೋಡುತ್ತ ಕೂತೆ.

"ನಮ್ಮ ಸರ ರೀ. ಅವರು ಹೆಂಗ ಹೇಳತಿದ್ರು, ಹಂಗ ಹೇಳ್ತೀನಿ."

ಎಲ್ಲರೂ ನನ್ನತ್ತ ತಿರುಗಿದರು. ಮೊದಲು ಚಪ್ಪಾಳೆ ತಟ್ಟಿದವರು ಮೇಡಂ. ಅವರ ಮುಖದಲ್ಲಿ ಚೂರಾದರೂ ಹೊಟ್ಟೆಕಿಚ್ಚು ಕಂಡೀತೇ ಎಂದು ಹುಡುಕಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ, ಅವರಿಗಿದ್ದ ಆ ಮನಸ್ಸಿಗೂ ನಾನು ಹೊಟ್ಟೆಕಿಚ್ಚು ಪಟ್ಟೆ.